ಅಡುಗೆಮನೆಯನ್ನು ಕಾಡಿಗೆ ಹೊರಬೇಡಿ: ಕ್ಯಾಂಪಿಂಗ್‌ಗೆ ಹೊರಡುವ ಬೇ ಏರಿಯಾ ಕನ್ನಡಿಗರಿಗೆ ಬಹಿರಂಗ ಪತ್ರ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡ ಬಂಧುಗಳಿಗೆ, ಅದರಲ್ಲೂ ಬೇಸಿಗೆ ಬಂತೆಂದರೆ ಹತ್ತು ಹದಿನೈದು ಮನೆಯವರನ್ನು ಒಟ್ಟುಗೂಡಿಸಿ ಸ್ಟೇಟ್ ಪಾರ್ಕುಗಳಿಗೆ ಹೊರಡಿಸುವ ಸಂಘಟಕರಿಗೆ,

ನಮಸ್ಕಾರ.

ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮವರ ಗುಂಪು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಒಗ್ಗರಣೆಯ ಘಮ ಹಿಡಿದು ನಡೆದರೆ ಸಾಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಇಂಥ ಗುಂಪುಗಳ ಬಳಿಗೆ ರೇಂಜರ್ ಬಂದು ಹೇಳಿ ಹೋಗುವ ಮಾತುಗಳನ್ನು ಒಂದು ಕಡೆ ಬರೆದಿಟ್ಟು ನೋಡಿ. ಮೇಜಿನ ಕೆಳಗೆ ಚೆಲ್ಲಿದ ತಿಂಡಿ, ಕುಡಿಯುವ ನೀರಿನ ನಲ್ಲಿಗೆ ಹಿಡಿದ ಎಣ್ಣೆ ಬಾಣಲೆ, ಕರಡಿಗೆ ಸಿಗದಂತೆ ದಿನಸಿ ಇಡುವ ಲಾಕರಿನ ಹೊರಗೆ ಉಳಿದ ಮಸಾಲೆ ಚೀಲ, ರಾತ್ರಿ ಹನ್ನೊಂದಕ್ಕೆ ಇನ್ನೂ ಮುಗಿಯದ ಊಟ ಮತ್ತು ಅದರ ಗದ್ದಲ. ಎಲ್ಲದರ ಬೇರೂ ಒಂದೇ. ಎರಡು ರಾತ್ರಿಯ ವಾಸ್ತವ್ಯಕ್ಕೆ ನಾವು ಇಡೀ ಅಡುಗೆಮನೆ ಹೊತ್ತು ತರುತ್ತೇವೆ. ಆ ಹೊರೆ ಅರ್ಧ ಇಳಿದರೆ ಉಳಿದ ತೊಂದರೆಗಳೂ ಅರ್ಧಕ್ಕರ್ಧ ಇಳಿಯುತ್ತವೆ. ಈ ಪತ್ರ ಬರೆಯಲು ಅದೇ ಕಾರಣ.

ಮೊದಲು ಬುಕಿಂಗ್ ವಿಷಯ ಮುಗಿಸೋಣ. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳ ಕ್ಯಾಂಪ್‌ಸೈಟುಗಳು ರಿಸರ್ವ್‌ಕ್ಯಾಲಿಫೋರ್ನಿಯಾ ತಾಣದಲ್ಲಿ ಆರು ತಿಂಗಳು ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆದುಕೊಳ್ಳುತ್ತವೆ. ಜುಲೈ 18ರ ರಾತ್ರಿ ಬೇಕೆಂದರೆ ಜನವರಿ 18ರ ಬೆಳಿಗ್ಗೆ 8ಕ್ಕೆ ಲಾಗಿನ್ ಆಗಿ ಕೂತಿರಬೇಕು. ಜುಲೈ 4ರ ವಾರಾಂತ್ಯದ ಜಾಗ ಸಂಕ್ರಾಂತಿಗೆ ಎಳ್ಳು ಹುರಿಯುವ ಮೊದಲೇ ಖಾಲಿ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ವಾರಾಂತ್ಯಕ್ಕೆ ಶಿವರಾತ್ರಿಯ ಆಸುಪಾಸಿನಲ್ಲೇ ಎಚ್ಚರವಾಗಿರಬೇಕು. ‘ಮೇ ತಿಂಗಳಲ್ಲಿ ನೋಡೋಣ’ ಎನ್ನುವವರಿಗೆ ಉಳಿಯುವುದು ಯಾರಾದರೂ ರದ್ದು ಮಾಡಿದ ಜಾಗ ಮಾತ್ರ. ಭಾನುವಾರದಿಂದ ಗುರುವಾರದ ತನಕದ ರಾತ್ರಿಗಳು ಅಷ್ಟು ಕಷ್ಟವಿಲ್ಲ. ಶಾಲೆಗೆ ರಜೆ ಇರುವ ಜೂನ್-ಜುಲೈಯಲ್ಲಿ ಎಲ್ಲರೂ ಶುಕ್ರವಾರಕ್ಕೇ ಯಾಕೆ ಮುಗಿಬೀಳುತ್ತಾರೋ ನಮಗೆ ಅರ್ಥವಾಗಿಲ್ಲ.

ಸಂಘಟಕರು ಪದೇ ಪದೇ ಸಿಕ್ಕಿಬೀಳುವುದು ಲೆಕ್ಕದಲ್ಲಿ. ಸಾಮಾನ್ಯ ಕುಟುಂಬ ಸೈಟಿಗೆ ಗರಿಷ್ಠ ಎಂಟು ಜನ, ಮಕ್ಕಳೂ ಸೇರಿ. ಒಂದು ಕಾರು ಶುಲ್ಕದಲ್ಲೇ ಬರುತ್ತದೆ. ಇನ್ನೊಂದಕ್ಕೆ ಬೇರೆ ದುಡ್ಡು, ಅದೂ ಸೈಟಿನಲ್ಲಿ ಜಾಗವಿದ್ದರೆ. ನಾಲ್ಕು ಸೈಟು ಹಿಡಿದು ಐವತ್ತು ಜನರನ್ನು ಕೂರಿಸಿದರೆ ಹದಿನೆಂಟು ಮಂದಿ ಲೆಕ್ಕಕ್ಕೆ ಹೊರಗೆ. ಅವರ ಕಾರುಗಳು ರಸ್ತೆಯ ಅಂಚಿನಲ್ಲಿ ನಿಂತು ಅಗ್ನಿಶಾಮಕ ವಾಹನದ ದಾರಿ ಕಟ್ಟುತ್ತವೆ. ಗುಂಪು ದೊಡ್ಡದಿದ್ದರೆ ಗ್ರೂಪ್ ಸೈಟನ್ನೇ ಹಿಡಿಯಿರಿ. ಅಲ್ಲಿ ಎಷ್ಟು ಜನ, ಎಷ್ಟು ವಾಹನ ಎಂಬುದು ಬುಕಿಂಗ್ ಪುಟದಲ್ಲೇ ಬರೆದಿರುತ್ತದೆ, ಮೇಜುಗಳು ಒಟ್ಟಿಗಿರುತ್ತವೆ, ಅಕ್ಕಪಕ್ಕದವರ ನಿದ್ದೆಗೂ ಅಂತರ ಇರುತ್ತದೆ. ಬರುವುದಿಲ್ಲ ಎಂದಾದ ಸೈಟನ್ನು ಮೊದಲೇ ರದ್ದು ಮಾಡಿ. ಹೆಸರಿಗೆ ಹಿಡಿದಿಟ್ಟು ಖಾಲಿ ಬಿಡುವುದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಈಗ ಅಡುಗೆಗೆ ಬರೋಣ.

ಸಾಂತಾಕ್ರೂಜ್ ಬೆಟ್ಟಗಳ ಹಳೆಯ ರೆಡ್‌ವುಡ್ ಕಾಡುಗಳಲ್ಲಿ, ಅಂದರೆ ಬಿಗ್ ಬೇಸಿನ್, ಬ್ಯೂಟಾನೊ, ಪೋರ್ಟೊಲಾ ರೆಡ್‌ವುಡ್ಸ್ ಕಡೆಗಳಲ್ಲಿ, ಮಾರ್ಬಲ್ಡ್ ಮರ್ರೆಲೆಟ್ ಎಂಬ ಸಣ್ಣ ಕಡಲ ಹಕ್ಕಿ ಗೂಡು ಮಾಡುತ್ತದೆ. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು ಹತ್ತಾರು ಕಿಲೋಮೀಟರ್ ಒಳನಾಡಿಗೆ ಹಾರಿ ಬರುವ ಇದು, ಮುದಿ ಮರದ ದಪ್ಪ ಕೊಂಬೆಯ ಪಾಚಿಯ ಮೇಲೆ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ಒಂದೇ ಮೊಟ್ಟೆ. ಈ ಹಕ್ಕಿ ಗೂಡು ಎಲ್ಲಿ ಕಟ್ಟುತ್ತದೆ ಎಂಬುದೇ ಬಹುಕಾಲ ಪಕ್ಷಿತಜ್ಞರಿಗೆ ಗೊತ್ತಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದ ಕೆಲಸಗಾರನೊಬ್ಬನಿಗೆ ಸುಮಾರು 45 ಮೀಟರ್ ಎತ್ತರದ ಡಗ್ಲಸ್ ಫರ್ ಕೊಂಬೆಯ ಮೇಲೆ ಮರಿ ಕಾಣಿಸಿದಾಗ ಆ ಒಗಟು ಬಿಡಿಸಿಕೊಂಡಿತು. 1992ರಿಂದ ಅದು ಸಂರಕ್ಷಿತ ಪಟ್ಟಿಯಲ್ಲಿದೆ.

ಈ ಹಕ್ಕಿಗೂ ನಮ್ಮ ಚುರುಮುರಿಗೂ ಏನು ಸಂಬಂಧ? ನಡುವೆ ಸ್ಟೆಲ್ಲರ್ಸ್ ಜೇ ಇದೆ. ಕಪ್ಪು ಜುಟ್ಟಿನ, ನೀಲಿ ಮೈಯ, ಕಾಗೆಯ ವಂಶದ ಈ ಹಕ್ಕಿ ಕ್ಯಾಂಪ್‌ಗ್ರೌಂಡಿನ ಖಾಯಂ ಅತಿಥಿ. ನಾವು ಚೆಲ್ಲಿದ ತಿಂಡಿಯಿಂದ ಅದರ ಸಂಸಾರ ಬೆಳೆಯುತ್ತದೆ. ತಿಂಡಿಯಿಲ್ಲದ ದಟ್ಟ ಕಾಡಿಗಿಂತ ಮೇಜುಗಳಿರುವ ಕಡೆ ಜೇಗಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚು. ಹೀಗೆ ಬೆಳೆದ ಗುಂಪು ಮೇಲಿನ ಕೊಂಬೆಗಳಲ್ಲಿ ಸುತ್ತಾಡುತ್ತ ಮರ್ರೆಲೆಟ್‌ನ ಆ ಒಂದೇ ಮೊಟ್ಟೆಯನ್ನೂ ಮರಿಯನ್ನೂ ತಿಂದುಹಾಕುತ್ತದೆ. ರೇವನ್ ಕಾಗೆಯೂ ಅಷ್ಟೇ. ಸಂಶೋಧಕರು ಕೋಳಿಮೊಟ್ಟೆಗೆ ಮರ್ರೆಲೆಟ್ ಮೊಟ್ಟೆಯ ಬಣ್ಣ ಬಳಿದು, ಒಳಗೆ ವಾಂತಿ ಬರಿಸುವ ಔಷಧ ಸೇರಿಸಿ, ‘ಇದು ತಿನ್ನುವಂಥದ್ದಲ್ಲ’ ಎಂದು ಜೇಗಳಿಗೆ ಕಲಿಸಲು ಹೋದದ್ದೂ ಉಂಟು. ಪಾರ್ಕಿನವರು ಇಲ್ಲಿ ‘ಕ್ರಂಬ್ ಕ್ಲೀನ್’ ಎಂದು ಹಠ ಹಿಡಿಯುವುದು ಇದಕ್ಕೇ. ಕಸದ ಡಬ್ಬಿಗೆ ದೊಡ್ಡ ಕಸ ಹಾಕಿದರೆ ಸಾಲದು, ತಿಂಡಿಯ ಚೂರು ಕೂಡ ನೆಲದಲ್ಲಿ ಉಳಿಯಕೂಡದು ಎಂಬುದು ಇದರ ಅರ್ಥ.

ನಮ್ಮ ತಿಂಡಿಗಳ ಪೈಕಿ ಕಾಡಿಗೆ ತೀರಾ ಅಪಾಯದವು ಚುರುಮುರಿ, ಖಾರಾ ಬೂಂದಿ, ಮಿಕ್ಸ್ಚರ್, ಒಗ್ಗರಣೆ ಹಾಕಿದ ಪೇಪರ್ ಅವಲಕ್ಕಿ. ಮಕ್ಕಳು ಬೊಗಸೆಯಲ್ಲಿ ಹಿಡಿದು ಓಡುತ್ತ ತಿನ್ನುವ ತಿಂಡಿ ಯಾವುದೇ ಇರಲಿ, ಅದರ ಒಂದಷ್ಟು ಪಾಲು ನೆಲಕ್ಕೇ. ರೆಡ್‌ವುಡ್ಡಿನ ಉದುರೆಲೆಯ ಹಾಸಿನಲ್ಲಿ ಬಿದ್ದ ಮಂಡಕ್ಕಿ ಹೆಕ್ಕಲು ಬರುವುದಿಲ್ಲ. ಒಂದೊಂದು ಕಾಳೂ ಸೂಜಿಯೆಲೆಗಳ ನಡುವೆ ಇಳಿದುಬಿಡುತ್ತದೆ. ಜೇಗೆ ಮಾತ್ರ ಅದು ಸಲೀಸಾಗಿ ಸಿಗುತ್ತದೆ. ಹಾಗಾಗಿ ಚಪಾತಿ ಸುರುಳಿ, ಮೊಸರನ್ನ, ಬಿಸಿಬೇಳೆಬಾತ್, ಇಡ್ಲಿ, ಬೇಯಿಸಿದ ಜೋಳದಂಥವನ್ನು ಆರಿಸಿ. ಚೂರಾಗದ, ತಟ್ಟೆಗೆ ಅಂಟಿಕೊಂಡಿರುವ ತಿಂಡಿಯೇ ಕಾಡಿಗೆ ಒಳ್ಳೆಯದು. ಚುರುಮುರಿ ಬಿಟ್ಟಿರಲಾಗದವರು ಕಾರಿನೊಳಗೆ ಕೂತು ತಿನ್ನಲಿ. ತಮಾಷೆಗೆ ಹೇಳುತ್ತಿಲ್ಲ.

ಮೇಜಿನ ಕೆಳಗೆ ಹಳೆಯ ಬೆಡ್‌ಶೀಟು ಅಥವಾ ತಾಡಪಾಲು ಹಾಸಿ ಅದರ ಮೇಲೆ ಬೆಂಚಿನವರ ಕಾಲುಗಳೂ ಬರುವಂತೆ ನೋಡಿಕೊಳ್ಳಿ. ಎಂಟಡಿಗೆ ಹತ್ತಡಿ ಇದ್ದರೆ ಹೆಚ್ಚಿನ ಮೇಜುಗಳಿಗೆ ಸಾಕು. ಪ್ರತಿ ಊಟದ ನಂತರ ನಾಲ್ಕು ಮೂಲೆ ಸೇರಿಸಿ ಎತ್ತಿ, ನಡುವಿನಲ್ಲಿ ಉಳಿದದ್ದನ್ನು ಕಸದ ಚೀಲಕ್ಕೆ ಸುರಿಯಿರಿ, ಪೊದೆಗೆ ಕೊಡವಬೇಡಿ. ಬಾಳೆಸಿಪ್ಪೆ, ಕರಿಬೇವು, ಚಹಾದ ಚರಟ ಇವೆಲ್ಲ ‘ಮಣ್ಣಿಗೆ ಗೊಬ್ಬರ’ ಎಂಬ ವಾದವನ್ನು ಮನೆಯ ಹಿತ್ತಲಿಗೆ ಇಟ್ಟುಕೊಳ್ಳಿ. ಒಣ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಬಾಳೆಸಿಪ್ಪೆ ಕರಗುವುದಕ್ಕೆ ಮೊದಲು ರಕೂನ್ ಬಂದಿರುತ್ತದೆ.

ಪಾತ್ರೆ ತೊಳೆಯುವುದೂ ಇದರ ಮುಂದುವರಿಕೆಯೇ. ಸೈಟುಗಳ ನಡುವಿನ ನಲ್ಲಿ ನೀರು ಹಿಡಿಯಲಿಕ್ಕೆ ಮಾತ್ರ. ಅಲ್ಲಿ ತೊಳೆದ ಸಾರಿನ ಪಾತ್ರೆಯಿಂದ ಬಿದ್ದ ಬೇಳೆ, ಅರಿಶಿನ, ಎಣ್ಣೆ ಎಲ್ಲ ನಲ್ಲಿಯ ಬುಡದಲ್ಲಿ ಕೆಸರಾಗಿ ನಿಂತು ಕಣಜಗಳನ್ನೂ ಪ್ರಾಣಿಗಳನ್ನೂ ಕರೆಯುತ್ತವೆ. ಟಾಯ್ಲೆಟ್ಟಿನ ಸಿಂಕಿನಲ್ಲಿ ತೊಳೆದರೆ ಕಟ್ಟಿಕೊಳ್ಳುತ್ತದೆ. ಸೆಪ್ಟಿಕ್ ವ್ಯವಸ್ಥೆಗೆ ಒಗ್ಗರಣೆ ಎಣ್ಣೆ ಆಗಿಬರುವುದಿಲ್ಲ. ಎರಡು ಪ್ಲಾಸ್ಟಿಕ್ ತೊಟ್ಟಿ ತನ್ನಿ. ಮೊದಲು ಪೇಪರ್ ಟವೆಲ್‌ನಿಂದ ಪಾತ್ರೆಯನ್ನು ಒಣಗಲು ಒರೆಸಿ ಆ ಪೇಪರನ್ನು ಕಸಕ್ಕೆ ಹಾಕಿ. ಒಂದು ತೊಟ್ಟಿಯಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರಿ ನೀರು, ತಲಾ ನಾಲ್ಕೈದು ಲೀಟರ್. ತೊಳೆದ ನೀರನ್ನು ಜಾಲರಿಯಲ್ಲಿ ಸೋಸಿ, ಪಾರ್ಕಿನವರು ತೋರಿಸಿದ ಕೊಳೆನೀರಿನ ಗುಂಡಿಗೆ ಸುರಿಯಿರಿ. ಗುಂಡಿ ಎಲ್ಲಿದೆ ಎಂದು ಬಂದ ಕೂಡಲೇ ಕ್ಯಾಂಪ್ ಹೋಸ್ಟನ್ನು, ಅಂದರೆ ಕ್ಯಾಂಪ್‌ಗ್ರೌಂಡಿನಲ್ಲೇ ಉಳಿದು ನೋಡಿಕೊಳ್ಳುವವರನ್ನು, ಕೇಳಿಕೊಂಡರೆ ಕತ್ತಲಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಕರಿದ ಎಣ್ಣೆಯನ್ನು ಎಲ್ಲೂ ಸುರಿಯಲು ಜಾಗವಿಲ್ಲ. ಕರಿಯುವ ಅಡುಗೆಯನ್ನು ಮನೆಯಲ್ಲೇ ಮುಗಿಸಿ ತರುವುದು ಲೇಸು.

ಒಲೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಏಷ್ಯನ್ ಅಂಗಡಿಗಳಲ್ಲಿ ಸಿಗುವ, ಉದ್ದನೆಯ ಬ್ಯೂಟೇನ್ ಡಬ್ಬಿಯನ್ನು ಪಕ್ಕದಲ್ಲಿ ಮಲಗಿಸಿ ಹಾಕುವ ಒಂಟಿ ಒಲೆ ನಮ್ಮ ಬಹಳ ಮನೆಗಳಲ್ಲಿದೆ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಹತ್ತಿರ. ಬೆಳಗಿನ ಜಾವ ನಾಲ್ಕೈದು ಡಿಗ್ರಿ ಇರುವ ಲೇಕ್ ಟಾಹೊ ಕಡೆಯಲ್ಲಿ ಡಬ್ಬಿ ತುಂಬಿದ್ದರೂ ಜ್ವಾಲೆ ಸೊರಗುತ್ತದೆ. ಗ್ಯಾಸ್ ಮುಗಿದಿರುವುದಿಲ್ಲ, ಅದು ಆವಿಯಾಗುತ್ತಿರುವುದಿಲ್ಲ, ಅಷ್ಟೆ. ಮೈನಸ್ 42 ಡಿಗ್ರಿಯಲ್ಲೂ ಕುದಿಯುವ ಪ್ರೊಪೇನ್ ಒಲೆಗೆ ಈ ರಗಳೆ ಇಲ್ಲ. ಎರಡನೆಯದು ಅಪಾಯದ್ದು. ಆ ಒಂಟಿ ಒಲೆಯ ಮೇಲೆ ಹದಿನಾಲ್ಕು ಇಂಚಿನ ದೋಸೆ ಕಾವಲಿ ಅಥವಾ ಹತ್ತು ಲೀಟರಿನ ಕುಕ್ಕರ್ ಇಟ್ಟರೆ ಅದರ ಅಂಚು ಡಬ್ಬಿಯ ಗೂಡಿನ ಮೇಲೆ ಚಾಚಿಕೊಳ್ಳುತ್ತದೆ. ಕಾವಲಿಯ ತಳದಿಂದ ತಿರುಗಿ ಬಡಿಯುವ ಶಾಖ ಡಬ್ಬಿಯನ್ನು ಕಾಯಿಸಿ, ಒಳಗಿನ ಒತ್ತಡ ಏರಿ ಸಿಡಿಯಬಹುದು. ಗಾಳಿ ಬೀಸುತ್ತದೆಂದು ಸುತ್ತ ಅಲ್ಯುಮಿನಿಯಂ ಫಾಯಿಲಿನ ಗೋಡೆ ಕಟ್ಟಿದರೂ ಅದೇ ಪರಿಣಾಮ. ಪಾತ್ರೆಯ ಅಂಚು ಡಬ್ಬಿಯ ಮೇಲೆ ಬರಕೂಡದು. ದೋಸೆ ಬೇಕೇ ಬೇಕೆಂದರೆ ಎರಡು ಬರ್ನರಿನ ಪ್ರೊಪೇನ್ ಒಲೆ ತನ್ನಿ. ಒಂದು ಪೌಂಡಿನ ಬಿಸಾಡುವ ಪ್ರೊಪೇನ್ ಸಿಲಿಂಡರುಗಳ ಮಾರಾಟವನ್ನು 2028ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಕಾನೂನು ನಿಲ್ಲಿಸುತ್ತಿದೆ, ಹಾಗಾಗಿ ಹೊಸದಾಗಿ ಕೊಳ್ಳುವವರು ಮತ್ತೆ ತುಂಬಿಸುವ ಸಿಲಿಂಡರಿಗೇ ಹೋಗಬಹುದು.

ಟಾಹೊ ಸರೋವರದ ದಂಡೆ ಸಮುದ್ರಮಟ್ಟದಿಂದ 6,200 ಅಡಿ ಮೇಲಿದೆ. ನೀರು ಅಲ್ಲಿ ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಕಾಯುತ್ತ ಕೂತರೆ ಸಿಲಿಂಡರ್ ಖಾಲಿಯಾಗುತ್ತದೆ, ಬೇಳೆ ಬೇಯುವುದಿಲ್ಲ. ಮನೆಯಲ್ಲೇ ಬೇಯಿಸಿ, ಫ್ರೀಜ್ ಮಾಡಿದ ಬೇಳೆಯನ್ನು ಐಸ್‌ಬಾಕ್ಸಿನಲ್ಲಿ ತಂದರೆ ಎರಡು ಕೆಲಸ ಆಗುತ್ತದೆ: ಬೇಳೆ ಕರಗುವ ತನಕ ಹಾಲು ಮೊಸರಿಗೆ ಅದೇ ಐಸು. ಕುಕ್ಕರ್ ತಂದವರು ಬೆಳಿಗ್ಗೆ ಆರು ಗಂಟೆಗೆ ಸೀಟಿ ಹಾಕಿಸಬೇಡಿ. ಇಡೀ ಕ್ಯಾಂಪ್‌ಗ್ರೌಂಡ್ ಎದ್ದು ಕೂರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿಶ್ಶಬ್ದದ ಹೊತ್ತು ಎಂಬುದು ನಿಯಮ, ಆದರೆ 6.01ಕ್ಕೆ ಸೀಟಿ ಹೊಡೆಯುವುದು ನಿಯಮಕ್ಕೆ ಸರಿಹೋದರೂ ಪಕ್ಕದ ಸೈಟಿನವರಿಗೆ ಸರಿಹೋಗುವುದಿಲ್ಲ. ಸ್ಪೀಕರಿಗೆ ಸಂಬಂಧಿಸಿದ ನಿಯಮ ಇನ್ನೂ ಬಿಗಿ: ಬೇರೆಯವರಿಗೆ ತೊಂದರೆಯಾಗುವಷ್ಟು ಸದ್ದು ಹಗಲಲ್ಲೂ ಕೂಡದು. ಅಂತ್ಯಾಕ್ಷರಿ ಆಡಿ, ಸ್ಪೀಕರ್ ಮಾತ್ರ ಮನೆಯಲ್ಲಿರಲಿ. ಜನರೇಟರ್ ಓಡಿಸಬಹುದಾದದ್ದು ಬೆಳಿಗ್ಗೆ 10ರಿಂದ ರಾತ್ರಿ 8ರ ಒಳಗೆ.

ಕರಡಿ ಇರುವ ಕಡೆ ಅಡುಗೆ ಸಾಮಾನು ತಪ್ಪಿಟ್ಟರೆ ಬೆಲೆ ತೆರುವುದು ಕರಡಿ. ಟಾಹೊದ ಡಿ. ಎಲ್. ಬ್ಲಿಸ್, ಎಮರಾಲ್ಡ್ ಬೇ, ಶುಗರ್ ಪೈನ್ ಪಾಯಿಂಟ್ ಪಾರ್ಕುಗಳಲ್ಲಿ ಪ್ರತಿ ಸೈಟಿಗೂ ಕಬ್ಬಿಣದ ಲಾಕರ್ ಇದೆ. ಅದರೊಳಗೆ ಹೋಗಬೇಕಾದದ್ದು ಊಟ ಮಾತ್ರ ಅಲ್ಲ, ವಾಸನೆ ಇರುವ ಎಲ್ಲವೂ: ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಅಮೃತಾಂಜನ, ಊದುಬತ್ತಿ, ಮಗುವಿನ ಒದ್ದೆ ಡಯಾಪರ್, ಖಾಲಿ ಐಸ್‌ಬಾಕ್ಸ್, ತೊಳೆಯದ ಒಲೆ. ಮಸಾಲೆ ಡಬ್ಬಿಯನ್ನು ‘ಮುಚ್ಚಳ ಬಿಗಿಯಾಗಿದೆ’ ಎಂದು ಮೇಜಿನ ಮೇಲೆ ಬಿಡುವವರಿದ್ದಾರೆ. ಕರಡಿಯ ಮೂಗಿಗೆ ಆ ಮುಚ್ಚಳ ಲೆಕ್ಕಕ್ಕಿಲ್ಲ. ಕಾರಿನಲ್ಲಿ ಇಡುವುದು ಪರಿಹಾರವಲ್ಲ. ಕರಡಿಗಳು ಕಾರಿನ ಬಾಗಿಲಿನ ಹಿಡಿ ಎಳೆದು ತೆರೆಯುವುದನ್ನು ಕಲಿತಿವೆ, ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿಕೊಂಡರೆ ಸೀಟು ಬಾಗಿಲು ಎಲ್ಲ ಕಿತ್ತುಹಾಕುತ್ತವೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಎಷ್ಟೋ ಸಲ ಅದನ್ನು ಕೊಲ್ಲಬೇಕಾಗುತ್ತದೆ. ಹತ್ತು ಮನೆಯವರ ದಿನಸಿ ಒಂದೆರಡು ಲಾಕರಿನಲ್ಲಿ ಹಿಡಿಸುವುದಿಲ್ಲ ಎಂಬುದನ್ನು ಮೆನು ಬರೆಯುವಾಗಲೇ ನೆನಪಿಡಿ. ಮೆನುವಿನ ಉದ್ದವನ್ನು ಲಾಕರಿನ ಗಾತ್ರ ನಿರ್ಧರಿಸಬೇಕು. ಅಡುಗೆ ಮಾಡುತ್ತಿರುವಾಗಲೂ ಲಾಕರಿನ ಬಾಗಿಲು ಚಿಲಕ ಹಾಕಿರಲಿ.

ಬೆಂಕಿಯ ಮಾತು. ಮನೆಯ ಹಿತ್ತಲಲ್ಲಿ ಕಡಿದ ಮರದ ಕಟ್ಟಿಗೆಯನ್ನು ‘ದುಡ್ಡು ಉಳಿಯುತ್ತೆ’ ಎಂದು ಕಾರಿಗೆ ತುಂಬಬೇಡಿ. ಗೋಲ್ಡ್‌ಸ್ಪಾಟೆಡ್ ಓಕ್ ಬೋರರ್ ಎಂಬ ಕೊರೆಹುಳು ಅರಿಜೋನಾ ಕಡೆಯದು. 2004ರಲ್ಲಿ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಸಿಕ್ಕಿತು, ಅಲ್ಲಿಂದೀಚೆಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹತ್ತಾರು ಸಾವಿರ ಓಕ್ ಮರಗಳನ್ನು ಒಣಗಿಸಿದೆ. ಅದು ಅಷ್ಟು ದೂರ ಬಂದದ್ದು ಸೌದೆಯ ತೊಗಟೆಯೊಳಗೆ ಕೂತು ಎಂದೇ ತಜ್ಞರ ಲೆಕ್ಕ. ಉರಿಸುವ ಜಾಗದಲ್ಲೇ ಕೊಳ್ಳಿ. ಕ್ಯಾಂಪ್ ಹೋಸ್ಟ್ ಮಾರುವ ಒಂದು ಕಟ್ಟು ಹತ್ತು ಡಾಲರಿನ ಆಸುಪಾಸು, ಗಂಟೆ ಒಂದೂವರೆ ಗಂಟೆ ಉರಿಯುತ್ತದೆ, ಸಂಜೆಗೆ ಎರಡು ಕಟ್ಟು ಸಾಕು. ಕಾಡಿನಲ್ಲಿ ಬಿದ್ದ ಒಣ ಕೊಂಬೆ ಆಯುವುದಕ್ಕೂ ಅನುಮತಿ ಇಲ್ಲ. ಹೊತ್ತಿಸಲು ಕರ್ಪೂರ ಬಳಸುವ ನಮ್ಮವರ ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎರಡು ಬಿಲ್ಲೆ ಸಾಕು. ಅಡುಗೆ ಎಣ್ಣೆ, ಪೆಟ್ರೋಲು ಸುರಿಯುವ ಸಾಹಸ ಮಾತ್ರ ಬೇಡ.

ಮಲಗಲು ಹೋಗುವ ಒಂದು ಗಂಟೆ ಮೊದಲು ಕೊನೆಯ ಕಟ್ಟಿಗೆ ಹಾಕಿ. ಆರಿಸಲು ಹತ್ತು ಹದಿನೈದು ಲೀಟರ್ ನೀರು ಬೇಕು. ಸುರಿದು, ಕೋಲಿನಿಂದ ತಳದ ತನಕ ಕೆದಕಿ, ಮತ್ತೆ ಸುರಿದು, ಅಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೊಂದು ಸುತ್ತು. ಮಣ್ಣು ಮುಚ್ಚಿ ಹೋಗುವುದು ತಪ್ಪು. ಕೆಳಗೆ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಕಡಲತೀರದ ಮರಳು ಮುಚ್ಚಿದ ಕೆಂಡದ ಮೇಲೆ ಮರುದಿನ ಬೆಳಿಗ್ಗೆ ಬರಿಗಾಲ ಮಕ್ಕಳು ಓಡಿ ಪಾದ ಸುಟ್ಟುಕೊಂಡದ್ದು ಇಲ್ಲಿನ ಆಸ್ಪತ್ರೆಗಳಿಗೆ ಹೊಸದಲ್ಲ. 2020ರ ಆಗಸ್ಟಿನ ಮಿಂಚಿನ ಬೆಂಕಿಯಲ್ಲಿ ಬಿಗ್ ಬೇಸಿನ್, ಅಂದರೆ 1902ರಲ್ಲಿ ಹುಟ್ಟಿದ, ಕ್ಯಾಲಿಫೋರ್ನಿಯಾದ ಮೊಟ್ಟಮೊದಲ ಸ್ಟೇಟ್ ಪಾರ್ಕು, ಬಹುಪಾಲು ಸುಟ್ಟುಹೋಯಿತು. 2022ರ ಜುಲೈಯಲ್ಲಿ ಹಗಲಿನ ಭೇಟಿಗೆ ತೆರೆಯುವ ತನಕ ಎರಡು ವರ್ಷ ಮುಚ್ಚಿತ್ತು. ಅದು ಮನುಷ್ಯರು ಹಚ್ಚಿದ ಬೆಂಕಿಯಲ್ಲ, ನಿಜ. ಆದರೆ ಬೇಸಿಗೆಯ ಕೊನೆಯಲ್ಲಿ ಕಟ್ಟಿಗೆ, ಇದ್ದಿಲು ಎರಡನ್ನೂ ನಿಷೇಧಿಸಿದ ಬೋರ್ಡು ಕಂಡರೆ ರೇಂಜರ್ ಜೊತೆ ಚೌಕಾಸಿ ಮಾಡದಿರಲು ಇಷ್ಟು ನೆನಪಿದ್ದರೆ ಸಾಕು.

ಚಳಿಗೆ ಹೆದರಿ ಇದ್ದಿಲ ಒಲೆಯನ್ನೋ ಗ್ಯಾಸ್ ಒಲೆಯನ್ನೋ ಟೆಂಟಿನೊಳಗೆ ತರುವವರಿದ್ದಾರೆ. ದಯವಿಟ್ಟು ಎಂದೂ ಬೇಡ. ಜ್ವಾಲೆ ಆರಿದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಶುರುವಾಗುವ ಹೊತ್ತಿಗೆ ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಮಳೆ ಬಂತೆಂದು ಟೆಂಟಿನ ಮುಂದಿನ ಪಡಸಾಲೆಯಲ್ಲಿ ಅಡುಗೆ ಮಾಡುವುದೂ ಇದೇ ಸಾಲಿಗೆ ಸೇರುತ್ತದೆ.

ಚಳಿಗೆ ನಿಜವಾದ ಮದ್ದು ಮೈಯ ಕೆಳಗಿದೆ. ರೆಡ್‌ವುಡ್ ಕಾಡಿನಲ್ಲಿ ಜುಲೈ ರಾತ್ರಿಯೂ ಹತ್ತು ಡಿಗ್ರಿಯ ಹತ್ತಿರ ಇಳಿಯುತ್ತದೆ, ಟಾಹೊದಲ್ಲಿ ಇನ್ನೂ ಕೆಳಗೆ. ನಾವು ಅತಿಥಿಗಳಿಗೆ ಹಾಸುವ ದಪ್ಪ ಗಾಳಿಹಾಸಿಗೆಯನ್ನೇ ಒಯ್ದು, ಮೇಲೆ ಮೂರು ರಜಾಯಿ ಹೊದ್ದು ನಡುಗುತ್ತೇವೆ. ಹಾಸಿಗೆಯೊಳಗಿನ ಗಾಳಿ ಸುತ್ತಾಡುತ್ತ ಮೈಯ ಬಿಸಿಯನ್ನು ನೆಲಕ್ಕೆ ಒಯ್ದು ಕೊಡುತ್ತದೆ. ಹೊದಿಕೆ ಎಷ್ಟಿದ್ದರೂ ಬೆನ್ನು ತಣ್ಣಗೆ. ಫೋಮ್ ಪ್ಯಾಡ್ ಹಾಸಿ, ಅಥವಾ ಆ ಗಾಳಿಹಾಸಿಗೆಯ ಮೇಲೆಯೇ ಒಂದು ರಜಾಯಿ ಹಾಸಿ. ಹೊಸದಾಗಿ ಕೊಳ್ಳುವವರು ಪ್ಯಾಡಿನ ಆರ್-ವ್ಯಾಲ್ಯೂ (ಮೈಯ ಬಿಸಿ ನೆಲಕ್ಕೆ ಹೋಗದಂತೆ ಎಷ್ಟು ತಡೆಯುತ್ತದೆ ಎಂಬ ಅಂಕೆ) 3ರಿಂದ 4 ಇರುವಂತೆ ನೋಡಿಕೊಂಡರೆ ಇಲ್ಲಿನ ಬೇಸಿಗೆಗೆ ಧಾರಾಳ. ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದ ಡಿಗ್ರಿ ಬಹಳ ಸಲ ‘ತಡೆದುಕೊಳ್ಳಬಹುದು’ ಎಂಬ ಅಂಕೆ, ‘ಹಾಯಾಗಿ ಮಲಗಬಹುದು’ ಎಂಬುದಲ್ಲ. ಐದಾರು ಡಿಗ್ರಿ ಸೆಲ್ಸಿಯಸ್ ಅಂತರ ಇಟ್ಟುಕೊಂಡು ಕೊಳ್ಳಿ. ಚಳಿಯೆಂದು ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ನಾಲ್ಕು ಜನರ ಉಸಿರು ಒಳಗೋಡೆಯಲ್ಲಿ ಹನಿಗಟ್ಟಿ ಬೆಳಿಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಆಗ ‘ಟೆಂಟ್ ಸೋರುತ್ತಿದೆ’ ಎಂದು ಅಂಗಡಿಗೆ ವಾಪಸ್ ಮಾಡುತ್ತಾರೆ. ಮೇಲಿನ ಕಿಂಡಿ ತೆರೆದಿಡಿ. ಕೆಳಗೆ ಹಾಸುವ ತಾಡಪಾಲು ಟೆಂಟಿನ ಅಂಚಿಗಿಂತ ಒಂದೆರಡು ಇಂಚು ಒಳಗೇ ಮುಗಿಯಬೇಕು. ಹೊರಗೆ ಚಾಚಿದರೆ ಮರದಿಂದ ತೊಟ್ಟಿಕ್ಕುವ ಮಂಜಿನ ನೀರನ್ನೆಲ್ಲ ಹಿಡಿದು ಟೆಂಟಿನ ಅಡಿಗೆ ಹರಿಸುತ್ತದೆ. ಚೆಕ್-ಇನ್ ಮಧ್ಯಾಹ್ನ 2ಕ್ಕೆ. ಬೆಳಕಿರುವಾಗಲೇ ತಲುಪಿ, ಟೆಂಟ್ ಎದ್ದ ಮೇಲೆ ಒಲೆ ಹಚ್ಚಿ.

ನಮ್ಮ ಮಲೆನಾಡು ಕರಾವಳಿಯವರಿಗೆ ಬೇಗ ಅರ್ಥವಾಗುವ ಎರಡು ಸಂಗತಿಗಳಿವೆ. ತಾಗಿದರೆ ಮೈ ತುರಿಸುವ, ಹಾದಿಬದಿಯ ಪಾಯ್ಸನ್ ಓಕ್ ಗಿಡ ಹೆಸರಿಗೆ ಓಕ್ ಆದರೂ ಮಾವು, ಗೇರು, ಚೇರೆ ಮರಗಳ ಕುಟುಂಬದ್ದು. ಮೂರು ಮೂರು ಎಲೆ, ಎಳೆಯದರಲ್ಲಿ ಕೆಂಪು ಹೊಳಪು. ಚಳಿಗಾಲದಲ್ಲಿ ಎಲೆ ಉದುರಿದ ಬರಿ ಕಡ್ಡಿಯಲ್ಲೂ ಸೊನೆ ಇರುತ್ತದೆ. ಮಾವಿನ ಸೊನೆಗೆ ತುಟಿ ಸುಡುವವರು, ಚೇರೆ ಮರದ ಅಡಿ ಹೋದರೆ ಮೈ ಊದುವವರು ಇಲ್ಲಿ ಇನ್ನಷ್ಟು ಜಾಗ್ರತೆಯಾಗಿರಬೇಕು. ತಾಗಿತೆಂದು ಗೊತ್ತಾದ ಕೂಡಲೇ ತಣ್ಣೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಬಟ್ಟೆ ಹಿಡಿದು ಉಜ್ಜಿ ತೊಳೆಯಿರಿ. ಬರಿ ನೀರು ಹಾಕಿದರೆ ಸೊನೆಯ ಎಣ್ಣೆ ಹೋಗುವುದಿಲ್ಲ. ಬೂಟಿನ ದಾರ, ಪ್ಯಾಂಟಿನ ಅಂಚು, ನಾಯಿಯ ಮೈ ಕೂಡ ತೊಳೆಯಬೇಕು. ಅದರ ಕಡ್ಡಿಯನ್ನು ಬೆಂಕಿಗೆ ಹಾಕಿದರೆ ಹೊಗೆ ಶ್ವಾಸಕೋಶಕ್ಕೇ ಹೋಗುತ್ತದೆ.

ಇನ್ನೊಂದು, ಅಡಿಕೆ ತೋಟದವರು ಹೆಸರು ಕೇಳಿದರೇ ಬೆಚ್ಚುವ ಕೊಳೆರೋಗ. ಅದನ್ನು ತರುವ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜಾತಿ ಇಲ್ಲಿನ ಓಕ್ ಮರಗಳನ್ನು 1990ರ ದಶಕದಿಂದ ಕೊಲ್ಲುತ್ತಿದೆ. ಇಲ್ಲಿನವರು ಅದನ್ನು ‘ಸಡನ್ ಓಕ್ ಡೆತ್’ ಎನ್ನುತ್ತಾರೆ. ಮಳೆಗಾಲದ ಒದ್ದೆ ಹಾದಿಯಲ್ಲಿ ಬೂಟಿಗೆ ಅಂಟಿದ ಕೆಸರಿನಲ್ಲಿ ಅದು ಪಾರ್ಕಿನಿಂದ ಪಾರ್ಕಿಗೆ ಪ್ರಯಾಣ ಮಾಡುತ್ತದೆ. ಕಾರು ಹತ್ತುವ ಮೊದಲು ಬ್ರಷ್ಷಿನಿಂದ ಕೆಸರು ಕೆರೆದುಹಾಕಲು ಎರಡು ನಿಮಿಷ ಸಾಕು.

ಉಣ್ಣಿ, ಕಡಲಿನ ದಿಢೀರ್ ಅಲೆ, ಆರಡಿಯ ನಾಯಿ ಹಗ್ಗ, ಇವೆಲ್ಲ ಪ್ರವೇಶದ್ವಾರದಲ್ಲಿ ಕೊಡುವ ಕಾಗದದಲ್ಲಿರುತ್ತವೆ. ಓದಿಕೊಳ್ಳಿ.

ಊರಿನಿಂದ ಬಂದ ಅಪ್ಪ-ಅಮ್ಮನನ್ನು ನೆಲದ ಮೇಲೆ ಮಲಗಿಸಲು ಹಿಂಜರಿಯುವವರಿಗೆ ಒಂದು ಮಾತು. ಮಾರಿನ್ ಕೌಂಟಿಯ ಸ್ಯಾಮುಯೆಲ್ ಪಿ. ಟೇಲರ್ ಪಾರ್ಕಿನಲ್ಲಿ ಮಂಚವಿರುವ ಕ್ಯಾಬಿನ್ನುಗಳಿವೆ, ಬುಕಿಂಗ್ ಮಾತ್ರ ಟೆಂಟ್ ಸೈಟಿಗಿಂತ ಬೇಗ ಮುಗಿಯುತ್ತದೆ. ಅದು ಸಿಗದಿದ್ದರೆ ಟಾಯ್ಲೆಟ್ಟಿಗೆ ಹತ್ತಿರದ, ಸಮತಟ್ಟಾದ ಸೈಟು ಹಿಡಿದು ಮಡಚುವ ಮಂಚ ಒಯ್ಯಿರಿ. ಮಂಚದ ಮೇಲೂ ಫೋಮ್ ಪ್ಯಾಡ್ ಬೇಕು, ಅಡಿಯಿಂದ ಗಾಳಿ ಬೀಸುತ್ತದೆ. ರಾತ್ರಿ ತಂಗಲು ಒಲ್ಲೆ ಎಂದರೆ ಹಗಲಿಗೆ ಹೋಗಿ ಬರಬಹುದು. ಸಾರ್ವಜನಿಕ ಗ್ರಂಥಾಲಯದ ಕಾರ್ಡು ಇದ್ದವರಿಗೆ ಸ್ಟೇಟ್ ಪಾರ್ಕುಗಳ ಹಗಲಿನ ವಾಹನ ಪಾಸು ಪುಸ್ತಕದಂತೆಯೇ ಎರವಲು ಸಿಗುತ್ತದೆ. ಎಷ್ಟು ಜನ ಕನ್ನಡಿಗರು ಇದನ್ನು ಬಳಸುತ್ತಿದ್ದಾರೋ, ನೋಡಿದರೆ ಬಹಳ ಕಡಿಮೆ.

ಕೊನೆಗೆ ಸಂಘಟಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಬೇಸಿಗೆಯ ನೋಂದಣಿ ಫಾರ್ಮಿನಲ್ಲಿ ಮೆನುವನ್ನು ಮೊದಲೇ ಅಂಟಿಸಿ: ದಿನಕ್ಕೆ ಒಂದೇ ಬಿಸಿ ಅಡುಗೆ, ಉಳಿದದ್ದು ಮನೆಯಿಂದ ಸಿದ್ಧವಾಗಿ ಬರಲಿ, ಚುರುಮುರಿ ಮಿಕ್ಸ್ಚರ್ ಇಲ್ಲ. ರಾತ್ರಿಯೂಟ ಏಳೂವರೆಗೆ ಬಡಿಸಿ, ಒಂಬತ್ತಕ್ಕೆ ಪಾತ್ರೆ ಒಣಗಿರಲಿ. ಪ್ರತಿ ಸೈಟಿಗೆ ಒಬ್ಬರನ್ನು ಲಾಕರಿಗೆ, ಒಬ್ಬರನ್ನು ಬೆಂಕಿಗೆ ಹೊಣೆ ಮಾಡಿ, ಹೆಸರು ಬರೆದು ಮೇಜಿಗೆ ಅಂಟಿಸಿ. ‘ಯಾರಾದರೂ ನೋಡ್ಕೋತಾರೆ’ ಎಂದುಕೊಂಡ ರಾತ್ರಿಗಳಲ್ಲೇ ಐಸ್‌ಬಾಕ್ಸ್ ಹೊರಗೆ ಉಳಿಯುವುದು. ಚೆಕ್-ಔಟ್ ಮಧ್ಯಾಹ್ನ 12ಕ್ಕೆ. ಹತ್ತೂವರೆಗೆ ಟೆಂಟುಗಳು ಇಳಿದರೆ ಒಂದೂವರೆ ಗಂಟೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಕೈಗೆ ಒಂದೊಂದು ಚೀಲ ಕೊಟ್ಟು ಮೇಜಿನ ಸುತ್ತ, ಬೆಂಚಿನ ಸಂದಿ, ಬೆಂಕಿಗುಂಡಿಯ ಬುಡದಲ್ಲಿ ಉಳಿದ ಚೂರುಗಳನ್ನು ಹೆಕ್ಕಿಸಿ. ದೊಡ್ಡವರ ಕಣ್ಣಿಗೆ ಬೀಳದ ಅನ್ನದ ಅಗುಳು ಮೂರಡಿ ಎತ್ತರದವರ ಕಣ್ಣಿಗೆ ಬೇಗ ಬೀಳುತ್ತದೆ.

ವಂದನೆಗಳೊಂದಿಗೆ,
ಬೇ ಏರಿಯಾದ ಕೆಲವು ಕನ್ನಡಿಗ ಕ್ಯಾಂಪಿಂಗ್ ಸ್ವಯಂಸೇವಕರು